ವಿಡಿಯೋ ಇಲ್ಲದಿದ್ದರೂ ಹಳೆಯ ನಾಟಕ ಸಿಗುತ್ತದೆ

ನಲವತ್ತು ವರ್ಷ ಹಿಂದಿನ ರಂಗಪ್ರಯೋಗದ ವಿಡಿಯೋನೇ ಇಲ್ಲ, ಹಳೆಯ ದಾಖಲೆ ಕಾಪಾಡಿಡುವ ಆರ್ಕೈವ್‌ಗೆ ಹೋಗಿ ಏನು ನೋಡಲಿ ಅಂತ ಕೇಳಿದ್ದೀರಿ. ಅಷ್ಟಕ್ಕೇ ಕೈಚೆಲ್ಲಬೇಡಿ.

ಮೊದಲು ಪ್ರಾಂಪ್ಟ್ ಬುಕ್ ಇದೆಯಾ ಕೇಳಿ. ಪ್ರದರ್ಶನ ನಡೆಸುವಾಗ ರಂಗದ ಪಕ್ಕದಲ್ಲಿ ಇಟ್ಟುಕೊಳ್ಳುವ ನಾಟಕದ ಪ್ರತಿ ಅದು. ಯಾರು ಯಾವ ಕಡೆಯಿಂದ ಬಂದರು, ಯಾವ ಮಾತಿಗೆ ಬೆಳಕು ಬದಲಾಯಿತು, ಯಾವ ಸಾಲು ಕತ್ತರಿಸಿದರು, ಎಲ್ಲ ಅಂಚಿನಲ್ಲಿ ಬರೆದಿರುತ್ತಾರೆ. ಹೆಚ್ಚಾಗಿ ಪೆನ್ಸಿಲ್‌ನಲ್ಲಿ. ಅಳಿಸಿ ಬರೆದ ಗುರುತುಗಳನ್ನು ಬಿಡಬೇಡಿ. ತಾಲೀಮಿನಲ್ಲಿ ಮನಸ್ಸು ಬದಲಾದದ್ದು ಗೊತ್ತಾಗುವುದು ಅಲ್ಲೇ. ನನಗಂತೂ ವಿಡಿಯೋಗಿಂತ ಇದೇ ಜಾಸ್ತಿ ಇಷ್ಟ.

ಫೋಟೋಗಳನ್ನು ಮಾತ್ರ ಸುಮ್ನೆ ನಂಬಬೇಡಿ. ಎಷ್ಟೋ ಫೋಟೋಗಳು ಪ್ರಚಾರಕ್ಕಾಗಿ ಪೋಸ್ ಕೊಟ್ಟು ತೆಗೆಸಿದವು. ಮುದ್ರಿತ ಪಾತ್ರಪಟ್ಟಿಯೂ ಹಾಗೇ. ಕೊನೆ ಗಳಿಗೆಯಲ್ಲಿ ನಟ ಬದಲಾಗಿದ್ದರೆ ಅದರಲ್ಲಿ ಇರುವುದಿಲ್ಲ ಅಲ್ವಾ? ವಿಮರ್ಶೆಯ ಜೊತೆ ಇಟ್ಟು ನೋಡಿ.

ಕ್ಯಾಟಲಾಗ್‌ನಲ್ಲಿ ನಾಟಕದ ಹೆಸರು ಸಿಗದಿದ್ದರೆ ನಿರ್ದೇಶಕರ, ವಸ್ತ್ರವಿನ್ಯಾಸಕರ, ತಂಡದ ಹೆಸರು ಹಾಕಿ ಹುಡುಕಿ. ಕಾಗದಗಳನ್ನು ಎಷ್ಟೋ ಸಲ ಅವು ಯಾರದ್ದೋ ಅವರ ಹೆಸರಿನಲ್ಲೇ ಜೋಡಿಸಿರುತ್ತಾರೆ.

ಹೋಗುವ ಮುಂಚೆ ಬರೆದು ಸಮಯ ಗೊತ್ತುಮಾಡಿಕೊಳ್ಳಿ. ಕಾಗದಗಳ ಪೆಟ್ಟಿಗೆಗಳು ಬೇರೆ ಕಟ್ಟಡದಲ್ಲಿ ಇರಬಹುದು. ಮುಂದೆ ಬೇರೆ ನಾಟಕದ ವಿಡಿಯೋ ಸಿಕ್ಕಿದರೂ ನಕಲು ಕೊಡುತ್ತಾರೆ ಅಂತ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 1970ರಿಂದ ರಂಗಪ್ರಯೋಗಗಳನ್ನು ಚಿತ್ರೀಕರಿಸಿ ಇಡುತ್ತಿದೆ, ಆದರೆ ಅವನ್ನು ಅಲ್ಲೇ ಕೂತು ನೋಡಬೇಕು.

ಹಾಂ, ಪ್ರತಿ ಟಿಪ್ಪಣಿಯ ಪಕ್ಕ ಪೆಟ್ಟಿಗೆ ಮತ್ತು ಫೋಲ್ಡರ್ ಸಂಖ್ಯೆ ಬರೆದುಕೊಳ್ಳಿ. ನಾನು ಬರೆದುಕೊಳ್ಳದೆ ಎರಡನೇ ಸಲ ಅಲೆದಿದ್ದೇನೆ.