ಮೊಳೆ ಮೊದಲು ತೆಗೆಯಿರಿ, 300 ಮಕ್ಕಳ ಲೆಕ್ಕ ಆಮೇಲೆ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಕಾಲೇಜಿನ ಅರ್ಬೊರೇಟಂ (ಬಗೆಬಗೆಯ ಮರ ಬೆಳೆಸಿ ದಾಖಲೆ ಇಡುವ ತೋಟ) ಅನ್ನು ಎಲ್ಲರಿಗೂ ತೆರೆಯುತ್ತಿದ್ದೀರಿ, 120 ಮರಕ್ಕೆ ಕ್ಯೂಆರ್ ಫಲಕ ಹೊಡೆದಾಗಿದೆ, ಮುಂದಿನ ತಿಂಗಳು ಒಂದೇ ದಿನ 300 ಶಾಲಾ ಮಕ್ಕಳು ಬರುತ್ತಾರೆ, ಮೈಕ್‌ಗೂ ಹೇಳಿದ್ದೀರಿ. "ಏನಾದರೂ ಬಿಟ್ಟು ಹೋಗಿದೆಯಾ" ಅಂತ ಕೇಳಿದ್ದೀರಿ. ಬಿಟ್ಟು ಹೋಗಿಲ್ಲ, ಜಾಸ್ತಿ ಆಗಿದೆ. ಎಂಟು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ, ಮೈಕ್ ಸಮೇತ. ಉಳಿದವರೆಲ್ಲ "ಸೂಪರ್" ಅಂದು ಮುಂದೆ ಹೋಗಿದ್ದಾರೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಮೊಳೆ. ಫೋಟೋದಲ್ಲಿ ಫಲಕ ತೊಗಟೆಗೆ ಅಂಟಿ ಕೂತಿದೆ, ಮೊಳೆ ತಲೆವರೆಗೂ ಒಳಗೆ ಹೋಗಿದೆ. ಕಾಂಡ ದಪ್ಪ ಆದ ಹಾಗೆ ಮರ ಫಲಕವನ್ನು ಅಂಚಿನಿಂದ ನುಂಗುತ್ತಾ ಬರುತ್ತದೆ, ಇಲ್ಲವೇ ಫಲಕ ಬಾಗಿ ಕಿತ್ತು ಬೀಳುತ್ತದೆ. ನಮ್ಮಲ್ಲಿ ಕೆಲವೇ ವರ್ಷದಲ್ಲಿ "ಹೊಂಗೆ" ಅನ್ನುವುದು "ಹೊಂ" ಆಗಿತ್ತು. ಈಗಷ್ಟೇ ಹೊಡೆದದ್ದಲ್ಲವಾ, ನೇರಕ್ಕೆ ಎಳೆದು ತೆಗೆಯಿರಿ. ತೂತಿಗೆ ಬಣ್ಣ, ಡಾಂಬರು, ಪೇಸ್ಟು ಏನೂ ಬಳಿಯಬೇಡಿ. ಮರಗಳನ್ನು ಸೀಳಿ ಸೀಳಿ ನೋಡಿದ ಅಮೆರಿಕದ ಅಲೆಕ್ಸ್ ಶೈಗೊ ತೋರಿಸಿಕೊಟ್ಟದ್ದು ಅದನ್ನೇ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ. ನಾವು ಬಳಿಯುವುದರಿಂದ ಆ ಕೆಲಸಕ್ಕೆ ಏನೂ ಸಹಾಯವಿಲ್ಲ. ಹಳೇ ಮೊಳೆ ಮರದೊಳಗೆ ಸೇರಿಹೋಗಿದ್ದರೆ ಮಾತ್ರ ಕೆದಕಬೇಡಿ, ಇರಲಿ ಬಿಡಿ.

ದೊಡ್ಡ ಮರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಎರಡು ಸಾಕು. ಸ್ಕ್ರೂ ತಲೆಗೂ ಫಲಕಕ್ಕೂ ನಡುವೆ ಒಂದೊಂದು ಸ್ಪ್ರಿಂಗ್ ಹಾಕಿ, ಜಾಗ ಬಿಡಿ. ಮರ ದಪ್ಪ ಆದರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ಹೋಗಿ ಸ್ವಲ್ಪ ಸಡಿಲಿಸಿ ಬಂದರಾಯಿತು. ಎಳೆ ಮರಕ್ಕೆ ಸ್ಕ್ರೂನೂ ಬೇಡ, ಪಕ್ಕದಲ್ಲಿ ನೆಲಕ್ಕೆ ಒಂದು ಗೂಟ ನೆಡಿ. ಹುಲ್ಲು ಕತ್ತರಿಸುವವರಿಗೆ ಗೂಟದ ವಿಷಯ ಹೇಳಿಡಿ, ಇಲ್ಲದಿದ್ದರೆ ಮೊದಲು ಹಾರುವುದು ಅದೇ. ಇನ್ನು ಬಿಗಿಯಾಗಿ ತಂತಿ ಸುತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲೆಯಿಂದ ಬೇರಿಗೆ ಊಟ ಇಳಿಯುವ ದಾರಿ ಇರುವುದೇ ತೊಗಟೆಯ ಒಳಪದರದಲ್ಲಿ. ತಂತಿ ಅಲ್ಲೇ ಕತ್ತು ಹಿಸುಕುತ್ತದೆ.

ನುಂಗಿದ ಆ "ಹೊಂ" ಫಲಕವನ್ನು ನಾವು ಬೇಕಂತಲೇ ಉಳಿಸಿಕೊಂಡಿದ್ದೇವೆ. "ಇನ್ನು ಹತ್ತು ವರ್ಷಕ್ಕೆ ಈ ಫಲಕ ಎಷ್ಟು ಮೇಲೆ ಹೋಗಿರುತ್ತೆ?" ಅಂತ ಕೇಳುತ್ತೇವೆ. ಮಕ್ಕಳಿರಲಿ, ಜೊತೆಗೆ ಬಂದ ಮೇಷ್ಟ್ರುಗಳೂ ಕೈ ಮೇಲೆತ್ತಿ ಅಳತೆ ತೋರಿಸುತ್ತಾರೆ. ಅದು ಇದ್ದಲ್ಲೇ ಇರುತ್ತದೆ. ಮರ ಉದ್ದ ಆಗುವುದು ತುದಿಯಲ್ಲಿ, ಕಾಂಡ ದಪ್ಪ ಮಾತ್ರ ಆಗುತ್ತದೆ. ನಾನು ಮೈಕ್‌ನಲ್ಲಿ ಹೇಳಿದ ಯಾವ ಮಾತೂ ಆ ಒಂದು ಪ್ರಶ್ನೆಯಷ್ಟು ಕೆಲಸ ಮಾಡಿಲ್ಲ.

ಮೈಕ್ ಕಥೆ ಕೇಳಿ. ನಮ್ಮ ಮೊದಲ ದಿನ 220 ಮಕ್ಕಳು, ನಾಲ್ಕು ಜನ ಸ್ವಯಂಸೇವಕರು, 30 ಮರ. ನಾನು ಒಂದೊಂದು ಮರದ ಮುಂದೆ ನಿಂತು ಹೆಸರು, ಕುಟುಂಬ, ಉಪಯೋಗ ಓದುತ್ತಾ ಹೋದೆ. ಮುಂದಿನ ಸಾಲಿಗೆ ಕೇಳಿಸುತ್ತಿತ್ತು, ಹಿಂದಿನವರು ತಳ್ಳಾಡುತ್ತಿದ್ದರು. ಏಳನೇ ಮರದ ಹೊತ್ತಿಗೆ ಒಬ್ಬ ಹುಡುಗ ಕಾಂಡದ ಮೇಲೆ ಓತಿಕ್ಯಾತ ಕಂಡ. ಅಷ್ಟೇ, ಅರ್ಧ ಗುಂಪು ಅಲ್ಲೇ ನಿಂತಿತು. ನಾನು ಗದರಿಸಿ ಎಂಟನೇ ಮರಕ್ಕೆ ಎಳೆದುಕೊಂಡು ಹೋದೆ! ವಾರದ ನಂತರ ಶಾಲೆಯಿಂದ ಒಂದು ಕಟ್ಟು ಪತ್ರ ಬಂತು. ಮುಕ್ಕಾಲುಪಾಲು ಪತ್ರಗಳಲ್ಲಿ ಇದ್ದದ್ದು ಓತಿಕ್ಯಾತ. ಮರದ ಹೆಸರು ಬರೆದಿದ್ದವರು ಇಬ್ಬರು, ಅದರಲ್ಲಿ ಒಂದು ತಪ್ಪು. ಅದರ ಜೊತೆಗೆ ಬುಡದ ಮಣ್ಣು ತುಳಿತಕ್ಕೆ ಸಿಮೆಂಟಿನ ಹಾಗೆ ಗಟ್ಟಿಯಾಗಿ, ಮುಂದಿನ ಮಳೆಗೆ ನೀರು ಇಂಗದೆ ನಿಂತಿತು. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಒಂದಡಿಯಲ್ಲಿ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬುಡದ ಸುತ್ತ ದರಗು ಹರಡಿ, ಕಾಂಡಕ್ಕೆ ತಾಗಿಸಬೇಡಿ, ಮಕ್ಕಳನ್ನು ಅದರಾಚೆ ನಿಲ್ಲಿಸಿ.

ಆ ಪತ್ರಗಳಿಂದಲೇ ನಮ್ಮ ಈಗಿನ ಪದ್ಧತಿ ಹುಟ್ಟಿದ್ದು. ಎಂಟು ಮಕ್ಕಳು, ಒಂದು ಮರ, ಒಬ್ಬ ಕಾಲೇಜು ವಿದ್ಯಾರ್ಥಿ, ವರ್ಷಕ್ಕೆ ನಾಲ್ಕು ಭೇಟಿ. ಅದೇ ಮಕ್ಕಳು, ಅದೇ ಮರ. ಮೊದಲ ಭೇಟಿಯಲ್ಲಿ ಮರದ ಹೆಸರು ಹೇಳುವುದೇ ಇಲ್ಲ, ಫಲಕಕ್ಕೆ ಬಟ್ಟೆ ಕಟ್ಟಿಡುತ್ತೇವೆ. ಹೆಸರು ಗೊತ್ತಾದ ತಕ್ಷಣ ನೋಡುವುದು ನಿಲ್ಲುತ್ತದೆ, ಇದು ದೊಡ್ಡವರಿಗೂ ಸತ್ಯ. ತೊಗಟೆ ಮೇಲೆ ಕಾಗದ ಇಟ್ಟು ಬಳಪ ಉಜ್ಜುತ್ತಾರೆ, ಎಲೆಯ ಎರಡೂ ಬದಿ ಮುಟ್ಟಿ ನೋಡುತ್ತಾರೆ, ಹತ್ತು ನಿಮಿಷ ಸುಮ್ನೆ ಕೂತು ಮರಕ್ಕೆ ಯಾರು ಯಾರು ಬರುತ್ತಾರೆ ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಅಳತೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ, ಬಂದದ್ದನ್ನು 3.14ರಿಂದ ಭಾಗಿಸಿದರೆ ವ್ಯಾಸ. ಎತ್ತರಕ್ಕೆ ಕೋಲು. ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ಉದ್ದವೋ, ಮುಷ್ಟಿಯ ಮೇಲೂ ಕೋಲು ಅಷ್ಟೇ ಇರಬೇಕು. ಕೈ ಚಾಚಿ ಅದನ್ನು ನೆಟ್ಟಗೆ ಹಿಡಿದು, ಮುಷ್ಟಿ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಸರಿಹೊಂದುವ ತನಕ ಹಿಂದೆ ನಡೆಯುವುದು. ನಿಂತ ಜಾಗದಿಂದ ಬುಡಕ್ಕೆ ಎಷ್ಟು ದೂರವೋ ಮರ ಅಷ್ಟು ಎತ್ತರ. ಇಳಿಜಾರಿನಲ್ಲಿ ಈ ಲೆಕ್ಕ ಕೈಕೊಡುತ್ತದೆ. ಹಿಂದೆ ನಡೆಯುವಾಗ ಒಬ್ಬರು ಬೆನ್ನ ಹಿಂದೆ ಕಾವಲು ಇರಲಿ, ನಮ್ಮಲ್ಲಿ ಒಬ್ಬಳು ಕಾರಂಜಿಗೆ ಬಿದ್ದಿದ್ದಾಳೆ.

ಎರಡನೇ ಭೇಟಿಯಲ್ಲಿ ಹೆಸರು, ಆದರೆ ಅವರೇ ಹುಡುಕಬೇಕು. ಮೂರನೆಯದರಲ್ಲಿ ಮರಕ್ಕೊಂದು ಪತ್ರ. ನಗಬೇಡಿ. ಮೆಲ್ಬರ್ನ್ ನಗರಸಭೆ ಅಲ್ಲಿನ ಸುಮಾರು 70,000 ಮರಗಳಿಗೆ ಗುರುತಿನ ಸಂಖ್ಯೆಯನ್ನೂ ಇಮೇಲ್ ವಿಳಾಸವನ್ನೂ ಕೊಟ್ಟಿತ್ತು, ಮುರಿದ ಕೊಂಬೆಯ ದೂರು ಬರಲಿ ಅಂತ. ಜನ ಬರೆದದ್ದು ಪ್ರೇಮಪತ್ರ.

ನಾಲ್ಕನೇ ಭೇಟಿ ನೋಡಿ, ಅದೇ ನಿಜವಾದ ಕಾರ್ಯಕ್ರಮ. ಮಕ್ಕಳು ಮನೆಯವರನ್ನು ಕರೆದುಕೊಂಡು ಬಂದು ತಮ್ಮ ಮರವನ್ನು ತಾವೇ ಪರಿಚಯಿಸುತ್ತಾರೆ. ನಾವು ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲುತ್ತೇವೆ. ಪೋಸ್ಟರ್ ಅಂಟಿಸಿದಾಗ ಬಂದವರು ಆರು ಜನ. ಮೊದಲ ವರ್ಷದ ನಾಲ್ಕನೇ ಭೇಟಿಗೆ ಅಜ್ಜ ಅಜ್ಜಿ ಸೇರಿ ನೂರರ ಹತ್ತಿರ. ಅವರಲ್ಲಿ ಕೆಲವರು ಈಗ ದಿನಾ ಬೆಳಗ್ಗೆ ವಾಕಿಂಗ್ ಬರುತ್ತಾರೆ, ಕೊಂಬೆ ಒಣಗಿದರೆ ಮೊದಲು ಹೇಳುವುದು ಅವರೇ. ಹಾರ್ವರ್ಡ್‌ನವರ ಅರ್ನಾಲ್ಡ್ ಅರ್ಬೊರೇಟಂ 1872ರಷ್ಟು ಹಳೆಯದು, 281 ಎಕರೆ. ಅವರೂ "ಟ್ರೀ ಮಾಬ್" ಅಂತ ಒಂದೇ ಗಿಡದ ಸುತ್ತ ಜನ ಸೇರಿಸಿ ಸ್ವಲ್ಪ ಹೊತ್ತು ಮಾತಾಡುವ ಕಾರ್ಯಕ್ರಮ ನಡೆಸಿದ್ದಾರೆ. ಅಷ್ಟು ಮರ ಇರುವವರೇ ಒಂದಕ್ಕೆ ನಿಂತರೆ ನಮಗೇನು ಕಷ್ಟ?

ಆ್ಯಪ್ ಬಗ್ಗೆ ಕೇಳಿದ್ದೀರಿ. ಕಂಡ ಜೀವಿಯ ಫೋಟೋ ಹಾಕಿದರೆ ಬೇರೆಯವರು ಗುರುತಿಸಿ ಕೊಡುವ ಐನ್ಯಾಚುರಲಿಸ್ಟ್ ನನಗೆ ಇಷ್ಟ, ಆದರೆ ಕ್ಯಾಂಪಸ್‌ನಲ್ಲಿ ನೆಟ್ಟ ಮರಗಳನ್ನು ಅದರಲ್ಲಿ "ನೆಟ್ಟದ್ದು" ಅಂತ ಗುರುತು ಮಾಡಲೇಬೇಕು. ನಮ್ಮ ವಿದ್ಯಾರ್ಥಿಗಳು ಗುರುತು ಮಾಡದೆ ಒಂದೇ ಮಧ್ಯಾಹ್ನ ಇನ್ನೂರು ಫೋಟೋ ಸುರಿದು, ಗುರುತಿಸಿ ಕೊಡುವವರ ಕೈಯಲ್ಲಿ ಉಗಿಸಿಕೊಂಡಿದ್ದಾರೆ. ನ್ಯಾಯವೇ. ಮರದ ಮೇಲಿನ ಹುಳ, ಹಕ್ಕಿ, ಕಲ್ಲುಹೂವು ಹಾಕಲಿ, ಅವು ತಾವಾಗಿ ಬಂದವು. ಸಣ್ಣ ಮಕ್ಕಳಿಗೆ ಖಾತೆ ಬೇಡದ ಸೀಕ್ ಆ್ಯಪ್ ಸಾಕು. ಎಲೆಯ ಫೋಟೋದಿಂದ ಗಿಡ ಗುರುತಿಸಲು ಪ್ಲಾಂಟ್‌ನೆಟ್ ಪರವಾಗಿಲ್ಲ, ಆದರೆ ಅದು ಹೇಳಿದ್ದನ್ನೇ ಫಲಕಕ್ಕೆ ಕೆತ್ತಿಸಿದವರು ನಮ್ಮ ಗುಂಪಿನಲ್ಲೇ ಇದ್ದಾರೆ, ಯಾರು ಅಂತ ಹೇಳಲ್ಲ. ಮರದಡಿ ಫೋನಿನ ಜಿಪಿಎಸ್ ನಂಬಿ ನಕ್ಷೆ ಮಾಡಬೇಡಿ, ಪಕ್ಕಪಕ್ಕದ ಎರಡು ಮರ ಅದಲುಬದಲಾಗುತ್ತವೆ.

ಕೆತ್ತಿಸುವುದು ಅಂದಾಗ ನೆನಪಾಯಿತು. ವೈಜ್ಞಾನಿಕ ಹೆಸರೂ ಬದಲಾಗುತ್ತದೆ. ಸಸ್ಯವಿಜ್ಞಾನಿಗಳ 2005ರ ವಿಯೆನ್ನಾ ಸಮ್ಮೇಳನದ ತೀರ್ಮಾನದಿಂದ ಅಕೇಶಿಯ ಅನ್ನುವ ಹೆಸರು ಆಸ್ಟ್ರೇಲಿಯಾದ ಮರಗಳ ಗುಂಪಿಗೆ ಹೋಯಿತು, ನಮ್ಮ ಕರಿಜಾಲಿ ವ್ಯಾಚೆಲಿಯ ಆಯಿತು. ನಮ್ಮ ಹಿತ್ತಾಳೆ ಫಲಕ ಇನ್ನೂ ಹಳೇ ಹೆಸರಲ್ಲೇ ಹೊಳೆಯುತ್ತಿದೆ. ಬದಲಾಗದೇ ಇರುವುದು ಒಂದೊಂದು ಮರಕ್ಕೂ ನಾವು ಕೊಡುವ ದಾಖಲೆ ಸಂಖ್ಯೆ ಒಂದೇ. ಅದನ್ನು ಮೆತ್ತನೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಬಾಲ್‌ಪೆನ್ ಒತ್ತಿ ಬರೆದು ಕೊಂಬೆಗೆ ಸಡಿಲವಾಗಿ ತೂಗುಹಾಕಿ. ಶಾಯಿ ಹೋದರೂ ಒತ್ತು ಉಳಿಯುತ್ತದೆ. "ಪರ್ಮನೆಂಟ್" ಅಂತ ಮಾರುವ ಮಾರ್ಕರ್ ಬಿಸಿಲಿಗೆ ಮಾಸಿಹೋಗುತ್ತದೆ. ಕ್ಯೂಆರ್ ಕೊಂಡಿ ನಿಮ್ಮ ಕಾಲೇಜಿನದೇ ಪುಟಕ್ಕೆ ಹೋಗಲಿ. ಬಿಟ್ಟಿ ಸೇವೆ ನಿಂತ ದಿನ 120 ಫಲಕವೂ ಗೊಡ್ಡು.

ಅರ್ಬೊರೇಟಂಗಳಿಗೆ ಹಂತ ಹಂತವಾಗಿ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಜಾಲ ಆರ್ಬ್‌ನೆಟ್, ಅದರ ಮಾನ್ಯತೆ ಆಮೇಲೆ ನೋಡೋಣ ಅಂದಿದ್ದೀರಿ. ಮೊದಲ ಹಂತಕ್ಕೆ ಕೇಳುವುದು ಕನಿಷ್ಠ 25 ಬಗೆಯ ಮರಗಿಡ, ಒಂದು ಯೋಜನೆ, ನೋಡಿಕೊಳ್ಳುವ ಒಂದು ತಂಡ, ವರ್ಷಕ್ಕೆ ಒಂದಾದರೂ ಸಾರ್ವಜನಿಕ ಕಾರ್ಯಕ್ರಮ. ನಿಮಗೆ ಈಗಲೇ ಆಗುತ್ತದೆ. ತೊಡಕಿರುವುದು ತಂಡದಲ್ಲಿ. ಅಂತಿಮ ವರ್ಷದವರನ್ನೇ ನೆಚ್ಚಿಕೊಂಡರೆ ಪರೀಕ್ಷೆ ಬಂದಾಗ ಮಾಯ, ಆಮೇಲೆ ಶಾಶ್ವತವಾಗಿ ಮಾಯ. ಪ್ರತಿ ಸೀನಿಯರ್ ಜೊತೆ ಒಬ್ಬ ಮೊದಲ ವರ್ಷದವರನ್ನು ಕಟ್ಟಿಹಾಕಿ.

ಗೇಟಿನ ಕಾವಲುಗಾರರಿಗೆ ಹೇಳಿದ್ದೀರಾ? ನಮ್ಮಲ್ಲಿ ಐಡಿ ಕಾರ್ಡ್ ಇಲ್ಲ ಅಂತ ಮೊಮ್ಮಗಳ ಮರ ನೋಡಲು ಬಂದ ಅಜ್ಜಿಯನ್ನು ವಾಪಸ್ ಕಳಿಸಿದ್ದರು. ತಪ್ಪು ಅವರದಲ್ಲ, ನಾವು ಹೇಳಿರಲಿಲ್ಲ. ಈಗ ಯಾವ ಮರ ಯಾವತ್ತು ಹೂ ಬಿಟ್ಟಿತು ಅಂತ ಗೇಟಿನ ಪುಸ್ತಕದಲ್ಲೇ ಅವರು ಬರೆದಿಡುತ್ತಾರೆ, ನಮ್ಮ ವಿಭಾಗದ ದಾಖಲೆಗಿಂತ ಅದೇ ವಾಸಿ.

ಇನ್ನು 300 ಮಕ್ಕಳಿಗೆ ಆಹ್ವಾನ ಹೋಗಿಬಿಟ್ಟಿದೆ ಅನ್ನುತ್ತೀರಿ. ಶಾಲೆಯವರ ಜೊತೆ ಮಾತಾಡಿ ಮೂರು ದಿನಕ್ಕೆ ಹಂಚಿ. ದಿನಕ್ಕೆ ನೂರು ಮಕ್ಕಳು, ಹತ್ತು ಮರ, ಮರಕ್ಕೆ ಹತ್ತು ಜನ, ನಲವತ್ತು ನಿಮಿಷ ಅಲ್ಲೇ. ಮರ ಆರಿಸುವ ಮೊದಲು ಮೇಲೆ ನೋಡಿ, ಒಣಕೊಂಬೆ, ಜೇನುಗೂಡು ಇರಬಾರದು. ಕಣಗಿಲೆ, ಗುಲಗಂಜಿ ಹತ್ತಿರ ಸಣ್ಣವರನ್ನು ಬಿಡಬೇಡಿ. ಗಾಳಿ ಜೋರಾದರೆ ಮುಲಾಜಿಲ್ಲದೆ ಮುಂದೂಡಿ. ಉದ್ಘಾಟನೆ ಭಾಷಣ ಮಾಡಲೇಬೇಕು ಅಂತ ಪ್ರಿನ್ಸಿಪಾಲರು ಹಟ ಹಿಡಿದರೆ ಅವರಿಗೂ ಒಂದು ಟೇಪ್, ಒಂದು ಮರ ಕೊಡಿ. ಮೈಕ್‌ನವರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಮೊಳೆ ತೆಗೆದ ಮೇಲೆ ಫೋಟೋ ಹಾಕಿ, ಸ್ಕ್ರೂ ಅಳತೆ ನೋಡಿ ಹೇಳುತ್ತೇನೆ.