ಸಹಿ ಡಾಕ್ಟರದ್ದೇ, ಮೊದಲ ಗಂಟೆ ನಿನ್ನದು

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮಂಡ್ಯ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಒಂಬತ್ತು ವರ್ಷದಿಂದ ಹೆಚ್ಚೂಕಮ್ಮಿ ಕ್ಯಾಷುಯಾಲ್ಟಿಯಲ್ಲೇ ಡ್ಯೂಟಿ. ಹೋದ ಮಳೆಗಾಲದಲ್ಲಿ ಅತ್ಯಾಚಾರಕ್ಕೊಳಗಾದ ಹುಡುಗಿಯೊಬ್ಬಳನ್ನು ಕರೆತಂದರು. ಅವಳ ಒದ್ದೆ ಬಟ್ಟೆಯನ್ನು ನಾನೇ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿ ಕೊಟ್ಟೆ. ಬೂಷ್ಟು ಹಿಡಿದು ಪರೀಕ್ಷೆಗೆ ಬಾರದಾಯಿತು ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ಸಮಾಧಾನವಿಲ್ಲ. ಅಮೆರಿಕದ ವಿಶ್ವವಿದ್ಯಾಲಯವೊಂದು ಕೆಲಸದಲ್ಲಿರುವವರಿಗೆ ಆನ್‌ಲೈನಿನಲ್ಲೇ ಫೊರೆನ್ಸಿಕ್ ಹೆಲ್ತ್, ಅಂದರೆ ಅಪರಾಧಕ್ಕೊಳಗಾದವರ ಆರೈಕೆಯ ಜೊತೆಗೇ ಸಾಕ್ಷ್ಯ ಕಾಪಾಡುವುದನ್ನು ಕಲಿಸುವ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದಂತೆ. ಶುಲ್ಕ ಲಕ್ಷಗಳಲ್ಲಿದೆ. ‘ಅದನ್ನ ಓದಿ ಇಲ್ಲೇನ್ ಮಾಡ್ತೀಯ’ ಅಂತಾರೆ ನಮ್ಮೆಜಮಾನರು. ಸಾಲ ಮಾಡಿ ಸೇರಲೇ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ತಂಗಿ, ನಾನು ಮೈಸೂರಿನಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಆ ಕವರಿನ ಗಂಟು ನಮ್ಮ ಕಾಲದಲ್ಲೂ ಹಾಗೇ ಬೀಳುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ.

1998ರ ಒಂದು ರಾತ್ರಿ ಸುಟ್ಟಗಾಯದ ವಾರ್ಡಿನಲ್ಲಿ ನನ್ನ ಪಾಳಿ. ಮಳವಳ್ಳಿ ಕಡೆಯ ಹೆಣ್ಣುಮಗಳು, ಇಪ್ಪತ್ತೆರಡೋ ಇಪ್ಪತ್ತಮೂರೋ. ಕೇಸ್ ಶೀಟಿನಲ್ಲಿ ‘ಸ್ಟವ್ ಸಿಡಿದು’ ಎಂದಿತ್ತು. ಬೆಳಗಿನ ಜಾವ ಮೂರಕ್ಕೆ ತುಟಿಗೆ ನೀರು ಹನಿಸುತ್ತಿದ್ದಾಗ ‘ಸ್ಟವ್ ಅಲ್ಲ ಸಿಸ್ಟರ್’ ಅಂದಳು. ಯಾರು ಹಚ್ಚಿದರೆಂದೂ ಹೇಳಿದಳು. ನಾನು ಡ್ರಿಪ್ ಸರಿಮಾಡಿ, ನೋಟ್ಸಿನಲ್ಲಿ ‘ರೋಗಿ ಚಡಪಡಿಸುತ್ತಿದ್ದಾರೆ’ ಎಂದಷ್ಟೇ ಬರೆದೆ. ಬೆಳಗ್ಗೆ ಡಾಕ್ಟರಿಗೆ ಹೇಳೋಣ ಅಂದುಕೊಂಡೆ. ಆರಕ್ಕೆ ಮುಂಚೆಯೇ ಅವಳು ಹೋದಳು. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ವಕೀಲರು ನನ್ನ ನೋಟ್ಸನ್ನೇ ತೋರಿಸಿ ‘ಇದರಲ್ಲೆಲ್ಲಿದೆಯಮ್ಮ?’ ಎಂದರು. ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಅವಳ ತಾಯಿ ಕೂತಿದ್ದರು. ನಾನು ಇನ್ನೊಂದು ಬಾಗಿಲಿನಿಂದ ಹೊರಟುಬಂದೆ.

ಸಾಯುವವರು ತಮ್ಮ ಸಾವಿನ ಕಾರಣದ ಬಗ್ಗೆ ಆಡಿದ ಮಾತು ಸಾಕ್ಷ್ಯವಾಗುತ್ತದೆ. ಅದನ್ನು ಮ್ಯಾಜಿಸ್ಟ್ರೇಟರೇ ಬರೆದುಕೊಳ್ಳಬೇಕು ಎಂದೇನಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ನೀನು ಕೇಳುವ ಓದಿನ ತಿರುಳು ಇಂಥದ್ದೇ.

ಅಮೆರಿಕದಲ್ಲಿ ಫೊರೆನ್ಸಿಕ್ ನರ್ಸುಗಳ ಸಂಘ ಶುರುವಾದದ್ದು 1992ರಲ್ಲಿ. 1995ರಲ್ಲಿ ಫೊರೆನ್ಸಿಕ್ ನರ್ಸಿಂಗ್ ಅಲ್ಲಿ ನರ್ಸಿಂಗಿನ ಪ್ರತ್ಯೇಕ ವಿಭಾಗವೆಂದು ಮಾನ್ಯವಾಯಿತು. ತರಬೇತಾದ ನರ್ಸೇ ಅಲ್ಲಿ ಸಂತ್ರಸ್ತೆಯನ್ನು ಪರೀಕ್ಷಿಸುತ್ತಾಳೆ, ಹತ್ತಿಕಡ್ಡಿಯಿಂದ ದೇಹದ ಮಾದರಿ (ಸ್ವ್ಯಾಬ್) ತೆಗೆಯುತ್ತಾಳೆ, ಕೋರ್ಟಿಗೂ ಹೋಗುತ್ತಾಳೆ. ನಮ್ಮಲ್ಲಿ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 184ನೇ ಸೆಕ್ಷನ್ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಪರೀಕ್ಷೆ ನೋಂದಾಯಿತ ವೈದ್ಯರ ಕೆಲಸ. ಅವಳ ಒಪ್ಪಿಗೆ ಪಡೆದು, ಅಪರಾಧದ ಮಾಹಿತಿ ಬಂದ 24 ಗಂಟೆಯೊಳಗೆ ಪೊಲೀಸರು ಅವಳನ್ನು ವೈದ್ಯರ ಬಳಿ ಕಳಿಸಬೇಕು. ಎಷ್ಟು ದೊಡ್ಡ ಸರ್ಟಿಫಿಕೇಟ್ ತಂದರೂ ವರದಿಗೆ ನಿನ್ನ ಸಹಿ ಬೀಳುವುದಿಲ್ಲ. ಅಲ್ಲಿ ಕಲಿಸುವ ಕಾನೂನೂ ಅಲ್ಲಿಯದು. ಹಾಗಾಗಿ ಸಾಲ ಮಾಡಿ ಸೇರಬೇಡ, ಬಡ್ತಿಯ ಆಸೆಗಂತೂ ಬೇಡವೇ ಬೇಡ. ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಮನಸ್ಸಿದ್ದು, ಕೈಯಲ್ಲಿ ದುಡ್ಡಿದ್ದಾಗ ಯೋಚಿಸು.

ಅಷ್ಟರಲ್ಲಿ ಕಲಿಯಲು ಇಲ್ಲೇ ಬೇಕಾದಷ್ಟಿದೆ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ವೈದ್ಯಕೀಯ ಪರೀಕ್ಷೆ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಎರಡು ಸಲ ಓದು. 96 ಗಂಟೆಯವರೆಗೂ ದೇಹದಿಂದ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ ಅದು. ‘ಮೂರು ದಿನ ಆಯ್ತಲ್ಲ, ಇನ್ನೇನು ಸಿಗುತ್ತೆ’ ಅಂತ ವಾಪಸ್ ಕಳಿಸುವುದನ್ನು ನಾನೇ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲಿನ 2021ರ ಬಿಎಸ್ಸಿ ಪಠ್ಯಕ್ರಮದಲ್ಲಿ ಫೊರೆನ್ಸಿಕ್ ನರ್ಸಿಂಗೇ ಒಂದು ವಿಷಯ. ಹೊಸದಾಗಿ ಸೇರಿದ ಹುಡುಗಿಯರ ಹತ್ತಿರ ಪುಸ್ತಕ ಇಸಕೋ, ಸಂಕೋಚ ಬೇಡ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ, ಕೆಲಸದಲ್ಲಿರುವವರಿಗೆ ಏನಿದೆ ಎಂದು ವಿಚಾರಿಸು. ಮಂಡ್ಯದ ವೈದ್ಯಕೀಯ ಕಾಲೇಜು ಮಿಮ್ಸ್‌ನ ವಿಧಿವೈದ್ಯಶಾಸ್ತ್ರ (ಫೊರೆನ್ಸಿಕ್ ಮೆಡಿಸಿನ್) ವಿಭಾಗಕ್ಕೆ ನಿಮ್ಮ ಆಸ್ಪತ್ರೆಯ ಮೂಲಕ ಪತ್ರ ಬರೆಸಿ, ಸಿಬ್ಬಂದಿಗೆಲ್ಲ ಒಂದು ದಿನದ ಪಾಠ ಕೇಳಿ.

ನಾಳೆಯ ಪಾಳಿಗೇ ಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಜೀವ ಉಳಿಸುವುದು ಮೊದಲು, ಉಳಿದದ್ದೆಲ್ಲ ಆಮೇಲೆ. ಒದ್ದೆ ಬಟ್ಟೆಯನ್ನು ಬಿಳಿ ಹಾಳೆಯ ಮೇಲೆ ಹರಡಿ ನೆರಳಲ್ಲಿ ಆರಿಸು, ಬಿಸಿಲಿಗಿಡಬೇಡ. ಒಂದೊಂದು ಬಟ್ಟೆಗೂ ಬೇರೆ ಕಾಗದದ ಕವರು. ಪ್ಲಾಸ್ಟಿಕ್ಕಿನೊಳಗೆ ತೇವ ಬೆವೆತು ಡಿಎನ್ಎ ಕೊಳೆಯುತ್ತದೆ. ಚೂರಿ ಏಟಿನವರ ಅಂಗಿ ಕತ್ತರಿಸುವಾಗ ಆ ತೂತಿನ ಮೇಲೇ ಕತ್ತರಿ ಓಡಿಸಬೇಡ, ಪಕ್ಕದಲ್ಲಿ ಕತ್ತರಿಸು. ನಮ್ಮ ಕಡೆ ಕ್ರಿಮಿನಾಶಕ ಕುಡಿದು ಬರುವವರು ಜಾಸ್ತಿ. ಹೊಟ್ಟೆ ತೊಳೆದ ಮೊದಲ ನೀರನ್ನು ಚೆಲ್ಲದೆ, ಹೆಸರು ಹೊತ್ತು ಬರೆದು ಮುಚ್ಚಿಡು. ಏನನ್ನೇ ಪೊಲೀಸರ ಕೈಗೆ ಕೊಟ್ಟರೂ ಸಹಿ, ದಿನಾಂಕ, ಗಂಟೆ ಪಡೆದುಕೋ.

ಮಾತಿನ ವಿಷಯಕ್ಕಂತೂ ನನ್ನ ಒತ್ತಾಯವೇ ಇದೆ. ಗಾಯಗೊಂಡು ಬಂದವಳು ಹಳ್ಳಿ ಭಾಷೆಯಲ್ಲಿ ಹೇಳಿದ್ದನ್ನು ತಿದ್ದಬೇಡ, ಇಂಗ್ಲಿಷಿಗೆ ತಿರುಗಿಸಬೇಡ. ಹೇಳಿದ ಹಾಗೇ ಬರೆ. ಗಂಟೆ ನಿಮಿಷ ಹಾಕು. ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿದ್ದರೆ ಅದನ್ನೂ ಬರೆ. ಡಾಕ್ಟರನ್ನು ಆಗಲೇ ಎಬ್ಬಿಸು, ಬೈದರೆ ಬೈಯಲಿ.

ಆ ಕೋರ್ಸಿನ ವಿಷಯಪಟ್ಟಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸು. ಗಾಯ ಗುರುತಿಸುವುದು, ದಾಖಲೆ ಬರೆಯುವುದು ಎಷ್ಟಿದೆ, ಬರೀ ಅಮೆರಿಕದ ಕಾನೂನು ಎಷ್ಟಿದೆ ಎಂದು ನೋಡಿ ತಿಳಿಸುತ್ತೇನೆ. ಅಲ್ಲಿಯವರೆಗೆ ಶುಲ್ಕ ಕಟ್ಟಬೇಡ.