ಕೋರ್ಟೂ ಬೇಕು, ಭರಣಿಯೂ ಬೇಕು

ಸುಮಾ (ಹೆಸರು, ಮನೆಯ ವಿವರ ಬದಲಿಸಿದ್ದೇನೆ) ಸಾಗರದ ಕಡೆಯ ವಕೀಲೆ. ಹೆಚ್ಚಾಗಿ ಜಮೀನು, ಪಾಲಿನ ಕೇಸುಗಳು. ಜೊತೆಗೆ ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ನೆಂಟರಿಗೆ ಕೊಡಲು ಮಾಡಿದ್ದು ಬೆಳೆದು ಈಗ ಬೆಂಗಳೂರಿಗೂ ಪಾರ್ಸೆಲ್ ಹೋಗುತ್ತದೆ. "ಟೈಮ್ ಸಾಲ್ತಿಲ್ಲ ಮೇಡಂ, ಎರಡನ್ನೂ ಹೇಗೆ ಹೊಂದಿಸೋದು ಹೇಳಿ" ಅಂತ ನನ್ನ ಹತ್ತಿರ ಸಲಹೆ ಕೇಳಲು ಬಂದರು.

ಮಿಡಿಯ ಕೆಲಸ ಗೊತ್ತಿದ್ದವರಿಗೆ ಅವರ ಕಷ್ಟ ಅರ್ಥವಾಗುತ್ತದೆ. ರಿಪ್ಪನ್‌ಪೇಟೆಯಿಂದ ಬಂದ ಮಿಡಿಯನ್ನು ನಾಳೆ ನೋಡೋಣ ಅನ್ನುವ ಹಾಗಿಲ್ಲ. ತೊಟ್ಟು ಇದೆಯಾ, ಪೆಟ್ಟು ಬಿದ್ದಿದೆಯಾ ಅಂತ ಒಂದೊಂದನ್ನೇ ಆರಿಸಿ ಉಪ್ಪಿಗೆ ಹಾಕಬೇಕು. ನೆಲಕ್ಕೆ ಬಿದ್ದ ಮಿಡಿ ಸೇರಿಕೊಂಡರೆ ಇಡೀ ಭರಣಿ ಕೆಡಬಹುದು. ಅಂಥ ಒಂದು ದಿನವೇ ಕೋರ್ಟಿನಲ್ಲಿ ಪಾಟಿ ಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಕೆಲಸ, ಇತ್ತು. ಸುಮಾ ಕೇಸನ್ನು ಮುಂದೂಡಲು ವಾಯಿದೆ ಕೇಳಿದರು, ಸಿಕ್ಕಿತು. ಮೊದಲ ಬಸ್ಸಿಗೆ ಬಂದಿದ್ದ ವಯಸ್ಸಾದ ಕಕ್ಷಿದಾರರು ಏನೂ ಅನ್ನದೆ ವಾಪಸ್ ಹೋದರು. "ಬೈದಿದ್ರೆ ಚೆನ್ನಾಗಿತ್ತು" ಅಂದರು ಸುಮಾ.

ಇಲ್ಲಿ ಸಮಯಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಭಾರತೀಯ ವಕೀಲರ ಪರಿಷತ್ತಿನ 47ನೇ ನಿಯಮದ ಪ್ರಕಾರ ವಕೀಲರು ಖುದ್ದಾಗಿ ವ್ಯಾಪಾರ ನಡೆಸುವ ಹಾಗಿಲ್ಲ. ಹಣ ಹಾಕಿ ಸುಮ್ಮನಿರುವ ಪಾಲುದಾರರಾಗಬಹುದು, ಅದೂ ಆ ವ್ಯಾಪಾರ ವೃತ್ತಿಯ ಘನತೆಗೆ ಕುಂದಲ್ಲ ಎಂದು ರಾಜ್ಯ ಪರಿಷತ್ತಿಗೆ ಅನ್ನಿಸಿದರೆ. ದೂರು ಹೋಗಿ ತಪ್ಪು ಸಾಬೀತಾದರೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ಸನದಿಗೇ (ವಕೀಲಿಕೆ ಮಾಡುವ ಪರವಾನಗಿಗೇ) ಕುತ್ತು ಬರಬಹುದು. ಇದೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. "ರೆಸಿಪಿ ಅತ್ತೆಯದ್ದು, ಮನೆತನದ ವ್ಯಾಪಾರ ಅನ್ನಬಹುದಲ್ವಾ" ಅಂತ ಒಂದು ವಾದವನ್ನೂ ಇಟ್ಟುಕೊಂಡಿದ್ದರು. ಆದರೆ 50ನೇ ನಿಯಮ ವಾರಸಾಗಿ ಬಂದ ವ್ಯಾಪಾರಕ್ಕೂ ಖುದ್ದು ಆಡಳಿತ ಬೇಡ ಅನ್ನುತ್ತದೆ. ವಾದ ಅಲ್ಲಿಗೇ ಬಿತ್ತು.

ಎಲ್ಲರೂ ಕೊಟ್ಟ ಸಲಹೆ ಒಂದೇ: ಗಂಡನ ಹೆಸರಿಗೆ ಮಾಡಿಬಿಡಿ. ನನಗೆ ಇದು ಸರಿ ಕಾಣಲಿಲ್ಲ. ಗಂಡನಿಗೆ ತೋಟವೇ ಜಾಸ್ತಿ, ಅವರು ಭರಣಿ ಮುಟ್ಟಿದವರಲ್ಲ. ಹೆಸರು ಅವರದ್ದು, ನಡೆಸೋದು ಇವರು ಅಂತಾದರೆ ನಿಯಮ ಮುರಿದದ್ದು ಮುರಿದದ್ದೇ. ಮೇಲಾಗಿ ಕಟ್ಟಿದವಳ ಹೆಸರೂ ಅಳಿಸಿ ಹೋಗುತ್ತದೆ.

"ನೀವು ಕೋರ್ಟಲ್ಲಿರೋವಾಗ ಮಿಡಿ ಆರಿಸೋರು ಯಾರು?" ಅಂತ ಕೇಳಿದೆ. ಓರಗಿತ್ತಿ. ಉಪ್ಪಿನ ಹದ ನೋಡೋದೂ ಅವಳೇ. ಅವಳಿಗೆ ಎಷ್ಟು ಕೊಡ್ತೀರಿ? ಸುಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವಳೇ ಅಲ್ವಾ ಮೇಡಂ" ಅಂದರು.

ನಾನು ಎರಡು ದಾರಿ ಮುಂದಿಟ್ಟೆ. ಒಂದು, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಬರೆದು ಸನದನ್ನು ತಾವಾಗಿಯೇ ಸದ್ಯಕ್ಕೆ ಅಮಾನತಿನಲ್ಲಿಡಿಸುವುದು, ಕಕ್ಷಿದಾರರನ್ನು ಕೇಳಿಯೇ ಕೇಸುಗಳನ್ನು ಬೇರೆಯವರಿಗೆ ಒಪ್ಪಿಸಿ ಪೂರ್ತಿಯಾಗಿ ಉದ್ಯಮಕ್ಕೆ ಇಳಿಯುವುದು. ಇನ್ನೊಂದು, ಓರಗಿತ್ತಿಯನ್ನೇ ನಿಜವಾದ ಯಜಮಾನಿ ಮಾಡುವುದು. ಮಿಡಿಯ ಲೋಡು ಕೊಳ್ಳೋದು, ದರ ಕಟ್ಟೋದು, ಚೆಕ್ಕಿಗೆ ಸಹಿ ಹಾಕೋದು ಎಲ್ಲ ಅವಳದ್ದು. ಸುಮಾ ಅವರದ್ದು ಹಣ ಮತ್ತು ಲಾಭದ ಪಾಲು ಮಾತ್ರ, ಅದೂ ಪರಿಷತ್ತನ್ನು ಬರವಣಿಗೆಯಲ್ಲಿ ಕೇಳಿದ ಮೇಲೆ. ಯಾವುದನ್ನು ಬಿಟ್ಟುಕೊಡೋವಾಗ ಹೊಟ್ಟೆ ಉರಿಯುತ್ತದೆ ನೋಡಿಕೊಳ್ಳಿ, ಅದಕ್ಕೆ ಮೊದಲು ಏನನ್ನೂ ತೀರ್ಮಾನಿಸಬೇಡಿ ಅಂದೆ.

ಅವರು ಎರಡನೆಯದನ್ನು ಆರಿಸಿಕೊಂಡರು. ಓರಗಿತ್ತಿಯನ್ನೂ ಒಮ್ಮೆ ಕರೆದುಕೊಂಡು ಬಂದರು. "ಅಕ್ಕ ನಡುವೆ ಬಾಯಿ ಹಾಕಬಾರದು" ಅನ್ನೋದೇ ಅವಳ ಒಂದೇ ಷರತ್ತು. ಪರಿಷತ್ತಿನ ಉತ್ತರ ಬಂದ ಮೇಲೆ ಪಾಲುದಾರಿಕೆ ಪತ್ರವಾಯಿತು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯೂ ಬದಲಾಯಿತು.

ಮೊನ್ನೆ ಸುಮಾ ಫೋನ್ ಮಾಡಿದ್ದರು. ಓರಗಿತ್ತಿ ಯಾರನ್ನೂ ಕೇಳದೆ ಬಾಟಲಿಗೆ ದರ ಏರಿಸಿದ್ದಾಳಂತೆ. ನನಗಾದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ ಅಂದರು.

"ಏನಾದ್ರೂ ಅಂದ್ರಾ?"

"ಇಲ್ಲ ಮೇಡಂ, ಅನ್ನೋ ಹಾಗಿಲ್ವಲ್ಲ. ನಾಳೆ ಪಾಟಿ ಸವಾಲಿದೆ, ಇಡ್ತೀನಿ."